ಮುಕ್ತ ತಂತ್ರಾಂಶ ಯೋಜನೆಗೆ ಮೊದಲ ಕೊಡುಗೆ: ಕಲಬುರಗಿಯಲ್ಲಿ ಕುಳಿತು ಎಲ್ಲಿಂದ ಆರಂಭಿಸಬೇಕು?

ಬಿ.ಇ. ವಿದ್ಯಾರ್ಥಿನಿ, ಕಲಬುರಗಿ

ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ನಾನು ಕಂಪ್ಯೂಟರ್ ಸೈನ್ಸ್ ವಿಭಾಗದ ಐದನೆಯ ಸೆಮಿಸ್ಟರ್‌ನಲ್ಲಿ ಓದುತ್ತಿದ್ದೇನೆ. ಹತ್ತನೆಯ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಪೈಥಾನ್ ಚೆನ್ನಾಗಿ ಬರುತ್ತದೆ, ಜಾವಾ ಪರೀಕ್ಷೆಗೆ ಬೇಕಾದಷ್ಟು ಗೊತ್ತಿದೆ, ನನ್ನ ಸಣ್ಣಪುಟ್ಟ ಪ್ರಾಜೆಕ್ಟ್‌ಗಳನ್ನು ಕೋಡ್ ಹಂಚಿಕೊಳ್ಳುವ ಗಿಟ್‌ಹಬ್ ತಾಣದಲ್ಲಿ ಇಟ್ಟಿದ್ದೇನೆ. ಬೇರೆಬೇರೆ ದೇಶದವರು ಸೇರಿ ಕಟ್ಟುತ್ತಿರುವ ಒಂದು ಮುಕ್ತ ತಂತ್ರಾಂಶ (ಕೋಡ್ ಅನ್ನು ಯಾರು ಬೇಕಾದರೂ ನೋಡಿ ತಿದ್ದಬಹುದಾದ ತಂತ್ರಾಂಶ) ಯೋಜನೆಯಲ್ಲಿ ಕೈಜೋಡಿಸಬೇಕೆಂಬ ಆಸೆ ಬಹಳ ಇದೆ.

ಯಾರನ್ನು ಕೇಳಿದರೂ ಒಂದೇ ಸಲಹೆ ಕೊಡುತ್ತಾರೆ: ‘ಗುಡ್ ಫಸ್ಟ್ ಇಶ್ಯೂ’ (ಹೊಸಬರಿಗೆ ತಕ್ಕ, ಯೋಜನೆಯಲ್ಲಿ ದಾಖಲಾದ ದೋಷ ಅಥವಾ ಕೆಲಸ) ಎಂಬ ಗುರುತು ಹಚ್ಚಿದ ಕೆಲಸಗಳನ್ನು ಹುಡುಕಿ ಒಂದನ್ನು ಬಗೆಹರಿಸು ಎಂದು. ಹುಡುಕಿ ನೋಡಿದೆ. ಹೆಸರುವಾಸಿಯಾದ ಯೋಜನೆಗಳಲ್ಲಿ ಅಂಥ ಪ್ರತಿಯೊಂದು ಇಶ್ಯೂವಿನ ಕೆಳಗೂ ನಾಲ್ಕಾರು ಜನ ಆಗಲೇ ‘ಇದನ್ನು ನನಗೆ ವಹಿಸಿ’ ಎಂದು ಬರೆದಿರುತ್ತಾರೆ. ಉಳಿದವುಗಳ ಚರ್ಚೆ ಅರ್ಧಕ್ಕರ್ಧ ತಿಳಿಯುವುದಿಲ್ಲ, ಕೋಡ್ ತೆರೆದರೆ ಸಾವಿರಾರು ಕಡತಗಳು. ಮನೆಯಲ್ಲಿ ಇಂಟರ್‌ನೆಟ್ ಎಂದರೆ ಮೊಬೈಲ್‌ನ ಹಾಟ್‌ಸ್ಪಾಟ್ ಮಾತ್ರ. ಇಂಗ್ಲಿಷ್ ಓದಬಲ್ಲೆ, ಆದರೆ ಅಪರಿಚಿತರ ಮುಂದೆ ಬರೆಯಲು ಅಳುಕು. ಈ ದಾರಿಯಲ್ಲಿ ನಡೆದವರು ಇಲ್ಲಿದ್ದರೆ, ಮೊದಲ ಹೆಜ್ಜೆ ಯಾವುದೆಂದು ದಯವಿಟ್ಟು ತಿಳಿಸಿ.

ತಂತ್ರಾಂಶ ಅಭಿಯಂತರ, ಬೀದರ್

ತಂಗಿ, ಆ ಗುರುತಿನ ಹಿಂದೆ ಓಡುವುದನ್ನು ಸದ್ಯಕ್ಕೆ ಬಿಟ್ಟುಬಿಡು. ಅದು ಕೆಟ್ಟದ್ದೆಂದಲ್ಲ. ಅಂಥ ಕೆಲಸಗಳು ಕಡಿಮೆ, ಹುಡುಕುವವರು ಲಕ್ಷಾಂತರ. ಅಲ್ಲದೆ ಯೋಜನೆಯ ಪರಿಚಯವೇ ಇಲ್ಲದವರಿಗೆ ಆ ‘ಸುಲಭ’ ಕೆಲಸವೂ ಸುಲಭವಾಗಿ ಕಾಣುವುದಿಲ್ಲ. ನಾನು ಹತ್ತಾರು ವರ್ಷ ಈ ಕೆಲಸ ಮಾಡಿದವನಾಗಿ ಒಂದೇ ಪ್ರಶ್ನೆ ಕೇಳುತ್ತೇನೆ: ನೀನು ದಿನಾಲೂ ಬಳಸುವ ಮುಕ್ತ ತಂತ್ರಾಂಶಗಳು ಯಾವುವು, ಅವುಗಳಲ್ಲಿ ಯಾವುದು ನಿನಗೆ ತೊಂದರೆ ಕೊಡುತ್ತದೆ? ಆ ತೊಂದರೆಯೇ ನಿನ್ನ ಮೊದಲ ಇಶ್ಯೂ. ಅದನ್ನು ಬೇರೆ ಯಾರೂ ಬಂದು ‘ನನಗೆ ವಹಿಸಿ’ ಎನ್ನುವುದಿಲ್ಲ.

ಯೋಜನೆ ಆರಿಸಿಕೊಂಡ ಮೇಲೆ ಕೋಡ್ ತೆರೆಯುವ ಮೊದಲು ಓದಬೇಕಾದದ್ದು ಬೇರೆ ಇದೆ. ರೆಪೊಸಿಟರಿಯಲ್ಲಿ, ಅಂದರೆ ಯೋಜನೆಯ ಕಡತಗಳ ಭಂಡಾರದಲ್ಲಿ, ಪರಿಚಯದ ಕಡತವಿರುತ್ತದೆ, ಕೊಡುಗೆ ನೀಡುವ ಬಗೆಯನ್ನು ತಿಳಿಸುವ ಕಡತವಿರುತ್ತದೆ, ಪರವಾನಗಿಯ ಕಡತವಿರುತ್ತದೆ. ಮೂರನ್ನೂ ಪೂರ್ತಿ ಓದು. ಕೆಲವು ಯೋಜನೆಗಳು ಗಿಟ್‌ಹಬ್‌ನಲ್ಲಿ ಪುಲ್ ರಿಕ್ವೆಸ್ಟ್ (‘ನನ್ನ ಬದಲಾವಣೆಯನ್ನು ಸೇರಿಸಿಕೊಳ್ಳಿ’ ಎಂಬ ಕೋರಿಕೆ) ಸ್ವೀಕರಿಸುವುದೇ ಇಲ್ಲ. ಕಚೇರಿ ಕೆಲಸದ ತಂತ್ರಾಂಶವಾದ ಲಿಬ್ರೆಆಫೀಸ್‌ನವರು ಗೆರಿಟ್ ಎಂಬ ವ್ಯವಸ್ಥೆಯಲ್ಲಿ ಪ್ಯಾಚ್‌ಗಳನ್ನು (ಕೋಡ್‌ನ ತಿದ್ದುಪಡಿಗಳನ್ನು) ಪರಿಶೀಲಿಸುತ್ತಾರೆ, ವಿಕಿಪೀಡಿಯದ ಹಿಂದಿರುವ ಮೀಡಿಯಾವಿಕಿಯವರೂ ಹಾಗೆಯೇ. ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್‌ಗೆ ಇಂದಿಗೂ ಪ್ಯಾಚ್‌ಗಳು ಇಮೇಲ್ ಮೂಲಕವೇ ಹೋಗುತ್ತವೆ, ಮತ್ತು ಪ್ರತಿಯೊಂದು ಪ್ಯಾಚ್‌ನ ಕೆಳಗೆ ‘ಇದನ್ನು ಕೊಡುವ ಹಕ್ಕು ನನಗಿದೆ’ ಎಂದು ದೃಢೀಕರಿಸುವ ಸಹಿಯ ಸಾಲು ಇರಲೇಬೇಕು. ಈ ಪದ್ಧತಿ 2004ರಲ್ಲಿ ಬಂದದ್ದು. ಕೋಡ್ ಯಾರದೆಂಬ ಮೊಕದ್ದಮೆ ನ್ಯಾಯಾಲಯದ ಮೆಟ್ಟಿಲೇರಿದ್ದ ಕಾಲವದು. ಪರವಾನಗಿಯ ವಿಚಾರವನ್ನು ನಮ್ಮ ಹುಡುಗರು ಓದದೆ ಬಿಡುವುದನ್ನು ನೋಡಿದ್ದೇನೆ, ಆದರೆ ನಿನ್ನ ಬರಹವನ್ನು ನಾಳೆ ಯಾರು ಹೇಗೆ ಬಳಸಬಹುದೆಂಬುದನ್ನು ನಿರ್ಧರಿಸುವುದು ಅದೇ ಕಡತ.

ಇನ್ನೊಂದು ದಾರಿಯೂ ಇದೆ, ಅದನ್ನು ತುಳಿಯುವವರು ಕಡಿಮೆ. ದೊಡ್ಡ ಯೋಜನೆಗಳಲ್ಲಿ ಬಳಕೆದಾರರು ವರದಿ ಮಾಡಿದ, ಆದರೆ ಇನ್ನೂ ಯಾರೂ ಖಚಿತಪಡಿಸದ ದೋಷಗಳ ದೊಡ್ಡ ರಾಶಿಯೇ ಇರುತ್ತದೆ. ಅವುಗಳಲ್ಲಿ ಒಂದನ್ನು ತೆಗೆದುಕೊಂಡು, ವರದಿಯಲ್ಲಿ ಹೇಳಿದ ಹೆಜ್ಜೆಗಳನ್ನು ನಿನ್ನ ಯಂತ್ರದಲ್ಲಿ ಅನುಸರಿಸಿ, ದೋಷ ಕಂಡಿತೇ ಇಲ್ಲವೇ, ಯಾವ ಆವೃತ್ತಿ, ಯಾವ ಕಾರ್ಯಾಚರಣ ವ್ಯವಸ್ಥೆ ಎಂದು ನಾಲ್ಕು ಸಾಲು ಬರೆದರೆ ಸಾಕು. ಅದಕ್ಕೆ ಒಂದು ಸಾಲು ಕೋಡ್ ಕೂಡ ಬೇಡ. ಆದರೆ ಆ ನಾಲ್ಕು ಸಾಲು ಯೋಜನೆಯನ್ನು ನೋಡಿಕೊಳ್ಳುವ ನಿರ್ವಾಹಕರೊಬ್ಬರ ಅರ್ಧ ಗಂಟೆ ಉಳಿಸುತ್ತದೆ, ಮತ್ತು ಹೀಗೆ ನಾಲ್ಕಾರು ದೋಷಗಳನ್ನು ಪರೀಕ್ಷಿಸುವಷ್ಟರಲ್ಲಿ ಆ ತಂತ್ರಾಂಶದ ಒಳರಚನೆ ನಿನಗೆ ತಾನಾಗಿ ಪರಿಚಯವಾಗಿರುತ್ತದೆ.

ಕಾಲೇಜು ಉಪನ್ಯಾಸಕಿ, ಕಲಬುರಗಿ

ಬೀದರಿನ ಸರ್ ಹೇಳಿದ್ದಕ್ಕೆ ನನ್ನ ಪೂರ್ಣ ಸಹಮತವಿದೆ. ನಮ್ಮ ಭಾಗದ ವಿದ್ಯಾರ್ಥಿಗಳು ಕೈಬಿಡುವುದು ಬಹುಮಟ್ಟಿಗೆ ಕೋಡ್ ತಿಳಿಯದೆ ಅಲ್ಲ, ಅದನ್ನು ಇಳಿಸಿಕೊಳ್ಳಲಾಗದೆ. ಆದ್ದರಿಂದ ಆ ವಿಷಯವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಕೋಡ್‌ನ ಬದಲಾವಣೆಗಳ ಇತಿಹಾಸವನ್ನು ಇಡುವ ಗಿಟ್ ತಂತ್ರಾಂಶದಲ್ಲಿ ಕ್ಲೋನ್ ಮಾಡುವಾಗ (ಯೋಜನೆಯ ಪ್ರತಿ ಇಳಿಸಿಕೊಳ್ಳುವಾಗ) ನಡುವೆ ಸಂಪರ್ಕ ಕಡಿದರೆ, ನಿಂತಲ್ಲಿಂದ ಮುಂದುವರಿಸುವ ಸೌಲಭ್ಯವಿಲ್ಲ, ಮೊದಲಿನಿಂದಲೇ ಆರಂಭಿಸಬೇಕು. ದೊಡ್ಡ ಯೋಜನೆಯ ಪೂರ್ಣ ಇತಿಹಾಸ ಕೆಲವು ಗಿಗಾಬೈಟ್‌ಗಳಷ್ಟಿರುತ್ತದೆ, ಹಾಟ್‌ಸ್ಪಾಟ್‌ನಲ್ಲಿ ದಿನದ ಡೇಟಾ ಅಲ್ಲಿಗೇ ಮುಗಿಯುತ್ತದೆ. ಹಾಗಾಗಿ ಕ್ಲೋನ್ ಆದೇಶಕ್ಕೆ ‘ಡೆಪ್ತ್ 1’ ಎಂಬ ಆಯ್ಕೆಯನ್ನು ಸೇರಿಸಿ. ಆಗ ಇತ್ತೀಚಿನ ಸ್ಥಿತಿ ಮಾತ್ರ ಇಳಿಯುತ್ತದೆ, ಹಳೆಯ ಇತಿಹಾಸ ಬರುವುದಿಲ್ಲ. ಮುಂದೆ ಯಾವುದೋ ಸಾಲು ಯಾವಾಗ ಬದಲಾಯಿತೆಂದು ನೋಡಬೇಕಾದಾಗ ‘ಫೆಚ್’ ಆದೇಶದ ‘ಡೀಪನ್’ ಆಯ್ಕೆಯಿಂದ ಸ್ವಲ್ಪಸ್ವಲ್ಪವಾಗಿ ಇತಿಹಾಸವನ್ನು ತರಿಸಿಕೊಳ್ಳಬಹುದು. ಹೀಗೆ ಇಳಿಸಿದ ಪ್ರತಿಯಿಂದಲೂ ಬದಲಾವಣೆ ಮಾಡಿ ಕಳುಹಿಸಲು ಅಡ್ಡಿಯಿಲ್ಲ.

ಬಿಲ್ಡ್ ಮಾಡುವುದು, ಅಂದರೆ ಕೋಡ್‌ನಿಂದ ಓಡುವ ತಂತ್ರಾಂಶವನ್ನು ಕಟ್ಟುವುದು, ಮುಂದಿನ ಸಮಸ್ಯೆ. ಲಿಬ್ರೆಆಫೀಸ್‌ನಂಥ ತಂತ್ರಾಂಶವನ್ನು ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ ಮೊದಲ ಸಲ ಬಿಲ್ಡ್ ಮಾಡಲು ಹಲವು ಗಂಟೆಗಳೇ ಬೇಕು, ಬೇಸಿಗೆಯ ಮಧ್ಯಾಹ್ನ ಕರೆಂಟು ಹೋದರೆ ಆ ಶ್ರಮ ನಡುದಾರಿಯಲ್ಲಿ ನಿಲ್ಲುತ್ತದೆ. ಪೈಥಾನ್ ಗೊತ್ತಿದ್ದರೆ ಪೈಥಾನ್‌ನಲ್ಲೇ ಬರೆದ, ಬಿಲ್ಡ್ ಬೇಡದ, ನೇರವಾಗಿ ಓಡಿಸಬಹುದಾದ ಮಧ್ಯಮ ಗಾತ್ರದ ಯೋಜನೆಯನ್ನು ಆರಿಸಿಕೊಳ್ಳುವುದು ಜಾಣತನ. ನಮ್ಮ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳಿಗೆ ನಾನು ಇಡುವ ಮೊದಲ ಗುರಿ ಇಷ್ಟೇ: ಯೋಜನೆಯನ್ನು ಇಳಿಸಿ, ಓಡಿಸಿ, ಅದರ ಜೊತೆಗೇ ಬರುವ ಪರೀಕ್ಷೆಗಳೆಲ್ಲ ನಿಮ್ಮ ಯಂತ್ರದಲ್ಲಿ ಪಾಸಾಗುವಂತೆ ಮಾಡಿ. ಈ ಹಂತದಲ್ಲಿ ಸೂಚನೆಗಳಲ್ಲಿ ಏನಾದರೂ ತಪ್ಪಿದ್ದರೆ ಅದು ಹೊಸಬರ ಕಣ್ಣಿಗೇ ಬೀಳುತ್ತದೆ, ಏಕೆಂದರೆ ಹಳಬರು ಅದನ್ನು ಓದಿ ವರ್ಷಗಳಾಗಿರುತ್ತವೆ.

ಡಿಪ್ಲೊಮಾ ವಿದ್ಯಾರ್ಥಿ, ಭಾಲ್ಕಿ

ನನ್ನದೂ ಒಂದು ಪ್ರಶ್ನೆಯಿದೆ ಸರ್. ಅಕ್ಟೋಬರ್ ತಿಂಗಳಲ್ಲಿ ನಡೆಯುವ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಮುಕ್ತ ತಂತ್ರಾಂಶ ಕಾರ್ಯಕ್ರಮದಲ್ಲಿ ಪಾಲ್ಗೊಂಡರೆ ಬೇಗ ಅನುಭವ ಸಿಗುತ್ತದೆ ಎಂದು ನಮ್ಮ ಸೀನಿಯರ್‌ಗಳು ಹೇಳುತ್ತಾರೆ. ಪ್ರೊಫೈಲ್‌ನಲ್ಲಿ ಪುಲ್ ರಿಕ್ವೆಸ್ಟ್‌ಗಳ ಸಂಖ್ಯೆ ಹೆಚ್ಚಾದರೆ ಇಂಟರ್ನ್‌ಶಿಪ್‌ಗೂ ಅನುಕೂಲವಾಗುವುದಿಲ್ಲವೇ? ಕೋಡ್ ಬರೆಯಲು ಎಐ ಸಹಾಯ ಪಡೆಯಬಹುದೇ?

ತಂತ್ರಾಂಶ ಅಭಿಯಂತರ, ಬೀದರ್

ತಮ್ಮಾ, ಆ ಕಾರ್ಯಕ್ರಮ 2014ರಲ್ಲಿ ಒಳ್ಳೆಯ ಉದ್ದೇಶದಿಂದಲೇ ಆರಂಭವಾಯಿತು. ನಿಗದಿತ ಸಂಖ್ಯೆಯ ಪುಲ್ ರಿಕ್ವೆಸ್ಟ್ ಕಳುಹಿಸಿದವರಿಗೆ ಟೀ ಶರ್ಟ್ ಕೊಡುತ್ತಿದ್ದರು. 2020ರ ಅಕ್ಟೋಬರ್ ಮೊದಲ ದಿನಗಳಲ್ಲಿ ಏನಾಯಿತೆಂದರೆ, ಪರಿಚಯದ ಕಡತದಲ್ಲಿ ಒಂದು ವಿಶೇಷಣ ಸೇರಿಸಿ ಕಳುಹಿಸುವ ಅರ್ಥವಿಲ್ಲದ ಪುಲ್ ರಿಕ್ವೆಸ್ಟ್‌ಗಳ ಪ್ರವಾಹವೇ ಹರಿದು, ನಿರ್ವಾಹಕರು ಅವುಗಳನ್ನು ಮುಚ್ಚುವುದರಲ್ಲೇ ದಿನ ಕಳೆಯಬೇಕಾಯಿತು. ಅದೇ ತಿಂಗಳು ಆಯೋಜಕರು ನಿಯಮ ಬದಲಿಸಿ, ತಾವಾಗಿ ಒಪ್ಪಿದ ಯೋಜನೆಗಳಿಗೆ ಮಾತ್ರ ಅದನ್ನು ಸೀಮಿತಗೊಳಿಸಿದರು. ಒಪ್ಪಿದ ಯೋಜನೆಯಲ್ಲಿ, ನಿಜವಾಗಿ ಬೇಕಾದ ಕೆಲಸ ಮಾಡುವುದಾದರೆ ಪಾಲ್ಗೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಸಂಖ್ಯೆಯನ್ನು ಗುರಿಯಾಗಿಟ್ಟುಕೊಳ್ಳಬೇಡ. ನಾನು ಸಂದರ್ಶನಗಳಲ್ಲಿ ಕುಳಿತಾಗ ನೋಡುವುದು, ಅಭ್ಯರ್ಥಿ ಒಂದೇ ಬದಲಾವಣೆಯ ಬಗ್ಗೆ ಹತ್ತು ನಿಮಿಷ ಕಾರಣ ಸಹಿತ ಮಾತನಾಡಬಲ್ಲನೇ ಎಂಬುದನ್ನು.

ಎಐ ವಿಷಯದಲ್ಲಿ ಪ್ರತಿ ಯೋಜನೆಯ ನಿಯಮ ಬೇರೆ. ಜೆಂಟೂ ಎಂಬ ಲಿನಕ್ಸ್ ವಿತರಣೆಯ ಮಂಡಳಿ 2024ರಲ್ಲಿ ಎಐ ಬರೆದ ಕೊಡುಗೆಗಳನ್ನು ನಿಷೇಧಿಸಿತು. ಕೆಲವೆಡೆ ಬಳಸಿದ್ದನ್ನು ತಿಳಿಸಿದರೆ ಸಾಕು. ಜಾಲದ ಮೂಲಕ ದತ್ತಾಂಶ ಸಾಗಿಸುವ ಕರ್ಲ್ ತಂತ್ರಾಂಶದ ನಿರ್ವಾಹಕ ಡೇನಿಯಲ್ ಸ್ಟೆನ್‌ಬರ್ಗ್ ಅವರು, ಎಐ ಹುಟ್ಟಿಸಿದ ಸುಳ್ಳು ಭದ್ರತಾ ವರದಿಗಳನ್ನು ಓದಿ ತಳ್ಳಿಹಾಕುವುದರಲ್ಲಿ ತಮ್ಮ ಸಮಯ ಎಷ್ಟು ವ್ಯರ್ಥವಾಗುತ್ತಿದೆ ಎಂದು ಬಹಿರಂಗವಾಗಿಯೇ ಬರೆದಿದ್ದಾರೆ. ನನ್ನ ಅಭಿಪ್ರಾಯ ಸ್ಪಷ್ಟ: ತಿಳಿಯದ ಕೋಡ್ ಅನ್ನು ಅರ್ಥಮಾಡಿಕೊಳ್ಳಲು ಅದರ ಸಹಾಯ ಪಡೆ, ಆದರೆ ನಿನಗೆ ವಿವರಿಸಲಾಗದ ಒಂದೇ ಒಂದು ಸಾಲನ್ನೂ ಕಳುಹಿಸಬೇಡ. ನೀನು ಕಳುಹಿಸಿದ್ದನ್ನು ಇನ್ನೊಬ್ಬ ಮನುಷ್ಯ ತನ್ನ ಬಿಡುವಿನ ವೇಳೆಯಲ್ಲಿ, ಬಹುಪಾಲು ಸಂಬಳವಿಲ್ಲದೆ, ಸಾಲು ಬಿಡದೆ ಓದುತ್ತಾನೆ.

ಪ್ರೌಢಶಾಲೆಯ ಕನ್ನಡ ಅಧ್ಯಾಪಕ, ಯಾದಗಿರಿ

ನನಗೆ ಕೋಡ್ ಬರೆಯಲು ಬರುವುದಿಲ್ಲ, ಆದರೂ ಕೆಲವು ವರ್ಷಗಳಿಂದ ಮುಕ್ತ ತಂತ್ರಾಂಶಗಳಿಗೆ ಕೊಡುಗೆ ನೀಡುತ್ತಿದ್ದೇನೆ. ಆದ್ದರಿಂದ ಈ ಚರ್ಚೆಯಲ್ಲಿ ಅನುವಾದದ ಪಕ್ಷ ವಹಿಸಿ ಮಾತನಾಡಲು ಅವಕಾಶ ಕೊಡಿ. ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶದ ಕನ್ನಡ ಸಂದೇಶಗಳು ಟ್ರಾನ್ಸ್‌ಲೇಟ್‌ವಿಕಿ ತಾಣದಲ್ಲಿ ಸಿದ್ಧವಾಗುತ್ತವೆ, ಫೈರ್‌ಫಾಕ್ಸ್‌ನದು ಪೊಂಟೂನ್‌ನಲ್ಲಿ, ಲಿಬ್ರೆಆಫೀಸ್‌ನದು ವೆಬ್ಲೇಟ್‌ನಲ್ಲಿ. ಇವೆಲ್ಲ ಬ್ರೌಸರ್‌ನಲ್ಲೇ ನಡೆಯುವ ಕೆಲಸ, ಮೊಬೈಲ್ ಡೇಟಾ ಸಾಕು.

ಇದು ಪದಕ್ಕೆ ಪದ ಇಡುವ ಕೆಲಸವೆಂದು ಯಾರಾದರೂ ತಿಳಿದಿದ್ದರೆ ಎರಡು ಉದಾಹರಣೆ ಹೇಳುತ್ತೇನೆ. ಮೂಲ ಸಂದೇಶದಲ್ಲಿ $1 ಎಂಬ ಗುರುತು ಇದ್ದ ಜಾಗದಲ್ಲಿ ಬಳಕೆದಾರರ ಹೆಸರು ಬಂದು ಕೂರುತ್ತದೆ. ಇಂಗ್ಲಿಷಿನಲ್ಲಿ ಹೆಸರು ಬದಲಾಗದೆ ಉಳಿಯುತ್ತದೆ, ಆದರೆ ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಹೆಸರಿಗೇ ಅಂಟಬೇಕು: ರವಿಗೆ, ಬಸವನಿಗೆ, ಶರಣಮ್ಮನಿಗೆ. ಗುರುತಿನ ಮುಂದೆ ಸುಮ್ಮನೆ ‘ಗೆ’ ಬರೆದರೆ ‘ಬಸವಗೆ’ ಎಂದು ಅಂಗವಿಕಲವಾದ ವಾಕ್ಯ ತೆರೆಯ ಮೇಲೆ ಬರುತ್ತದೆ. ‘$1 ಅವರಿಗೆ’ ಎಂದು ವಾಕ್ಯವನ್ನೇ ತಿರುಗಿಸಿ ಕಟ್ಟಿದರೆ ಯಾವ ಹೆಸರು ಬಂದರೂ ಸರಿಹೋಗುತ್ತದೆ. ಇನ್ನೊಂದು, ಏಕವಚನ ಬಹುವಚನದ ವಿಷಯ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯಾ ಸಂಕೇತ ನಿಗದಿಪಡಿಸುವ ಯೂನಿಕೋಡ್ ಒಕ್ಕೂಟದ ಸಿಎಲ್‌ಡಿಆರ್ ಎಂಬ ಭಾಷಾ ದತ್ತಾಂಶದ ಪ್ರಕಾರ ಕನ್ನಡದಲ್ಲಿ 0 ಮತ್ತು 1 ಎರಡೂ ಏಕವಚನದ ಗುಂಪಿಗೆ ಸೇರುತ್ತವೆ. ಅದನ್ನು ಅನುಸರಿಸುವ ತಂತ್ರಾಂಶದಲ್ಲಿ, ಏಕವಚನದ ಜಾಗದಲ್ಲಿ ಅಂಕಿಯ ಗುರುತನ್ನು ತೆಗೆದು ‘ಒಂದು ಸಂದೇಶವಿದೆ’ ಎಂದು ಅಕ್ಷರದಲ್ಲಿ ಬರೆದುಬಿಟ್ಟರೆ, ಒಂದೂ ಸಂದೇಶವಿಲ್ಲದವರಿಗೂ ಒಂದು ಸಂದೇಶವಿದೆ ಎಂದು ತೋರಿಸುತ್ತದೆ. ಇಂಥವನ್ನು ಕನ್ನಡ ಬಲ್ಲವರಲ್ಲದೆ ಬೇರೆ ಯಾರೂ ಕಂಡುಹಿಡಿಯಲಾರರು.

ಐಟಿ ಉದ್ಯೋಗಿ, ಮೂಲತಃ ಜೇವರ್ಗಿ

ಗುರುಗಳ ಮಾತಿಗೆ ಗೌರವವಿಟ್ಟುಕೊಂಡೇ ಒಂದು ಭಿನ್ನಾಭಿಪ್ರಾಯ ಹೇಳುತ್ತೇನೆ. ಈ ತಂಗಿ ಕೇಳುತ್ತಿರುವುದು ತಂತ್ರಾಂಶ ಅಭಿಯಂತರಳಾಗುವ ದಾರಿಯನ್ನು. ಅನುವಾದದಿಂದ ಆರಂಭಿಸಿದ ಅನೇಕರು ಅಲ್ಲೇ ನಿಂತುಬಿಡುತ್ತಾರೆ. ಉದ್ಯೋಗ ಕೊಡುವವರು ಕೋಡ್ ನೋಡುತ್ತಾರೆ, ಪರೀಕ್ಷೆ ಬರೆದದ್ದನ್ನು ನೋಡುತ್ತಾರೆ, ವಿಮರ್ಶೆಗೆ ಹೇಗೆ ಉತ್ತರಿಸಿದ್ದಾಳೆ ಎಂಬುದನ್ನು ನೋಡುತ್ತಾರೆ. ನಮ್ಮ ಭಾಗದ ಮಕ್ಕಳಿಗೆ ‘ನಿಮಗೆ ಕನ್ನಡದ ಕೆಲಸ ಸಾಕು’ ಎಂದು ಹೇಳಿದಂತಾಗಬಾರದೆಂಬುದೇ ನನ್ನ ಕಳವಳ.

ಪ್ರೌಢಶಾಲೆಯ ಕನ್ನಡ ಅಧ್ಯಾಪಕ, ಯಾದಗಿರಿ

ನಿಮ್ಮ ಕಳವಳ ನ್ಯಾಯವಾದದ್ದು. ಕನ್ನಡದ ಕೆಲಸವೆಂದರೆ ಅನುವಾದ ಮಾತ್ರವೇ ಎಂಬುದನ್ನಷ್ಟೇ ನಾನು ಒಪ್ಪುವುದಿಲ್ಲ. ಅಕ್ಷರ ಮೂಡಿಸುವುದು, ಅಕಾರಾದಿಯಲ್ಲಿ ಜೋಡಿಸುವುದು, ಹುಡುಕುವುದು, ಅಚ್ಚಿನ ಪುಟದಿಂದ ಪಠ್ಯ ತೆಗೆಯುವುದು, ಇವೆಲ್ಲ ಕೋಡ್‌ನ ಕೆಲಸಗಳೇ, ಮತ್ತು ಇವೆಲ್ಲ ಕನ್ನಡದ ಕೆಲಸಗಳೂ ಹೌದು.

ಬಿ.ಇ. ವಿದ್ಯಾರ್ಥಿನಿ, ಕಲಬುರಗಿ

ಎಲ್ಲರಿಗೂ ಧನ್ಯವಾದಗಳು. ಗುರುಗಳ ಕೊನೆಯ ಮಾತು ಓದಿದ ಮೇಲೆ ನನಗೊಂದು ವಿಷಯ ಹೊಳೆಯಿತು. ನಾನು ತರಗತಿಯ ಟಿಪ್ಪಣಿಗಳನ್ನು ಕನ್ನಡ ಇಂಗ್ಲಿಷ್ ಎರಡರಲ್ಲೂ ಒಂದು ಮುಕ್ತ ತಂತ್ರಾಂಶದಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಅದು ಪೈಥಾನ್‌ನಲ್ಲಿ ಬರೆದದ್ದು. ಅದರಲ್ಲಿ ‘ಕೋಶ’ ಎಂದು ಹುಡುಕಿದರೆ ನಾನು ಟೈಪ್ ಮಾಡಿದ ಟಿಪ್ಪಣಿ ಸಿಗುತ್ತದೆ, ಆದರೆ ಯೂನಿಕೋಡ್ ಅಲ್ಲದ ಹಳೆಯ ಅಕ್ಷರವಿನ್ಯಾಸದಿಂದ ಪರಿವರ್ತಿಸಿ ಅಂಟಿಸಿದ ಟಿಪ್ಪಣಿ ಸಿಗುವುದಿಲ್ಲ. ಕಣ್ಣಿಗೆ ಎರಡೂ ಪದ ಒಂದೇ. ಹಾಗೆಯೇ ‘ಸಾಫ್ಟ್‌ವೇರ್’ ಎಂಬುದು ಕೆಲವೊಮ್ಮೆ ಸಿಗುತ್ತದೆ, ಕೆಲವೊಮ್ಮೆ ಇಲ್ಲ. ಇಷ್ಟು ದಿನ ಹೊಂದಿಕೊಂಡು ಬಳಸುತ್ತಿದ್ದೆ. ಇದು ವರದಿ ಮಾಡುವಂಥ ದೋಷವೇ? ಕನ್ನಡ ತಿಳಿಯದ ನಿರ್ವಾಹಕರಿಗೆ ಇದನ್ನು ಹೇಗೆ ತಿಳಿಸುವುದು?

ತಂತ್ರಾಂಶ ಅಭಿಯಂತರ, ಬೀದರ್

ತಂಗಿ, ನಿನ್ನ ಮೊದಲ ಇಶ್ಯೂ ಸಿಕ್ಕಿತು, ಮತ್ತು ಇದು ಬಹಳ ಒಳ್ಳೆಯ ಇಶ್ಯೂ. ಇಲ್ಲಿ ಎರಡು ಬೇರೆ ಬೇರೆ ದೋಷಗಳಿವೆ.

ಯೂನಿಕೋಡ್‌ನಲ್ಲಿ ‘ಕೋ’ದ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ, ಊಕಾರ ಮತ್ತು ದೀರ್ಘದ ಚಿಹ್ನೆಗಳನ್ನು ಒಂದರ ಹಿಂದೆ ಒಂದು ಇಟ್ಟು ಮೂರು ಸಂಕೇತಗಳಾಗಿಯೂ ಬರೆಯಬಹುದು. ಯೂನಿಕೋಡ್ ಮಾನಕದ ಪ್ರಕಾರ ಎರಡೂ ಸಮಾನ, ಆದರೆ ಹುಡುಕುವ ಕೋಡ್ ಬರಿಯ ಸಂಕೇತಗಳನ್ನು ಹೋಲಿಸಿದರೆ ಅವು ಬೇರೆಯಾಗಿ ಕಾಣುತ್ತವೆ. ಹೋಲಿಸುವ ಮೊದಲು ಎರಡೂ ಕಡೆಯ ಪಠ್ಯವನ್ನು ಒಂದೇ ರೂಪಕ್ಕೆ ತರಬೇಕು. ಅದಕ್ಕೆ ಪೈಥಾನ್‌ನ ‘ಯೂನಿಕೋಡ್‌ಡೇಟಾ’ ಮಾಡ್ಯೂಲ್‌ನಲ್ಲಿ ‘ನಾರ್ಮಲೈಸ್’ ಎಂಬ ಕಾರ್ಯವಿದೆ. ಎರಡನೆಯದು, ‘ಸಾಫ್ಟ್‌ವೇರ್’ ಬರೆಯುವಾಗ ವಕಾರ ಒತ್ತಕ್ಷರವಾಗದಂತೆ ತಡೆಯಲು ನಾವು ನಡುವೆ ಇಡುವ ಕಾಣದ ಅಕ್ಷರದ್ದು. ಅದನ್ನು ನಾರ್ಮಲೈಸ್ ತೆಗೆದುಹಾಕುವುದಿಲ್ಲ. ಹೋಲಿಕೆಯ ಸಮಯದಲ್ಲಿ ಮಾತ್ರ ಅದನ್ನು ಕಡೆಗಣಿಸಬೇಕು, ಉಳಿಸಿಟ್ಟ ಪಠ್ಯವನ್ನು ಎಂದಿಗೂ ಮುಟ್ಟಬಾರದು, ಮುಟ್ಟಿದರೆ ಬರವಣಿಗೆಯೇ ಕೆಟ್ಟುಹೋಗುತ್ತದೆ. ಈ ಎಚ್ಚರವನ್ನು ನಿನ್ನ ವಿವರಣೆಯಲ್ಲಿ ಖಂಡಿತ ಬರೆ, ಏಕೆಂದರೆ ಕನ್ನಡ ತಿಳಿಯದವರು ಅದನ್ನು ಊಹಿಸಲಾರರು.

ವರದಿ ಬರೆಯುವ ಮುನ್ನ ಇದೇ ದೋಷವನ್ನು ಬೇರೆ ಯಾರಾದರೂ ತಿಳಿಸಿದ್ದಾರೆಯೇ ಎಂದು ಮುಚ್ಚಿದ ಇಶ್ಯೂಗಳಲ್ಲೂ ಹುಡುಕು. ಮಲಯಾಳಂ, ತಮಿಳು, ಬಂಗಾಳಿ ಬಳಕೆದಾರರು ಬರೆದಿರುವ ಸಾಧ್ಯತೆ ಇದೆ, ಏಕೆಂದರೆ ಆ ಲಿಪಿಗಳಲ್ಲೂ ಹೀಗೆ ಒಡೆಯುವ ಸ್ವರಚಿಹ್ನೆಗಳಿವೆ. ಇಲ್ಲದಿದ್ದರೆ ಹೊಸದು ತೆರೆ. ಎರಡೂ ಪದಗಳ ಯೂನಿಕೋಡ್ ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿ ಕೊಟ್ಟರೆ ಕನ್ನಡದ ಒಂದಕ್ಷರ ಬಾರದವರಿಗೂ ವ್ಯತ್ಯಾಸ ಕಾಣುತ್ತದೆ. ಮಾಡಿದ್ದೇನು, ಆಗಬೇಕಾಗಿದ್ದೇನು, ಆದದ್ದೇನು, ಆವೃತ್ತಿ ಯಾವುದು, ಇಷ್ಟಕ್ಕೆ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳು ಸಾಕು. ವ್ಯಾಕರಣ ತಪ್ಪಿದರೆ ಯಾರೂ ಗಮನಿಸುವುದಿಲ್ಲ, ಆದರೆ ಹೆಜ್ಜೆಯೊಂದು ಬಿಟ್ಟುಹೋದರೆ ಎಲ್ಲರೂ ಗಮನಿಸುತ್ತಾರೆ. ‘ನಾನು ಸರಿಪಡಿಸಲು ಸಿದ್ಧಳಿದ್ದೇನೆ, ಈ ವಿಧಾನ ಸರಿಯೇ’ ಎಂದು ಕೊನೆಯಲ್ಲಿ ಕೇಳು. ಒಪ್ಪಿಗೆ ಬಂದ ಮೇಲೆ ಫೋರ್ಕ್ ಮಾಡಿ (ಯೋಜನೆಯ ಪ್ರತಿಯನ್ನು ನಿನ್ನ ಖಾತೆಯಲ್ಲಿ ಮಾಡಿಕೊಂಡು), ಬೇರೆ ಬ್ರ್ಯಾಂಚ್‌ನಲ್ಲಿ (ಕೋಡ್‌ನ ಪ್ರತ್ಯೇಕ ಕವಲಿನಲ್ಲಿ), ಈ ಒಂದು ವಿಷಯವನ್ನಷ್ಟೇ ಬದಲಿಸು. ಪಕ್ಕದ ಕೋಡ್ ಅಂದವಾಗಿಲ್ಲವೆಂದು ಅದನ್ನೂ ತಿದ್ದಲು ಹೋಗಬೇಡ. ಎರಡು ರೂಪದ ‘ಕೋಶ’ವೂ ಸಿಗಬೇಕೆಂಬ ಪರೀಕ್ಷೆಯನ್ನು ಜೊತೆಗೆ ಬರೆ, ಮೊದಲು ಅದು ಫೇಲಾಗಬೇಕು, ನಿನ್ನ ಬದಲಾವಣೆಯ ನಂತರ ಪಾಸಾಗಬೇಕು.

ಉತ್ತರ ಒಂದು ವಾರ ಬಾರದಿದ್ದರೂ ಬೇಸರಿಸಬೇಡ. ಎರಡು ವಾರವಾದ ಮೇಲೆ ಒಂದು ಸಾಲಿನಲ್ಲಿ ವಿನಯದಿಂದ ನೆನಪಿಸಬಹುದು. ತಿದ್ದುಪಡಿ ಕೇಳಿದರೆ ಅದನ್ನು ತಿರಸ್ಕಾರವೆಂದು ಓದಬೇಡ, ಪರಿಶೀಲನೆಗೆ ಸಮಯ ಕೊಡುವುದೇ ಆಸಕ್ತಿಯ ಗುರುತು. ಹೊಸಬರ ವಿಷಯದಲ್ಲಿ ನಿರ್ವಾಹಕರು ಈಗ ಹೆಚ್ಚು ಜಾಗರೂಕರಾಗಿರುವುದಕ್ಕೆ ಕಾರಣವೂ ಇದೆ: ವರ್ಷಗಳ ಕಾಲ ಸಹಾಯ ಮಾಡಿ ವಿಶ್ವಾಸ ಗಳಿಸಿದ ಅನಾಮಿಕ ವ್ಯಕ್ತಿಯೊಬ್ಬ ಎಕ್ಸ್‌ಜೆಡ್ ಎಂಬ ಸಂಕುಚನ ತಂತ್ರಾಂಶದೊಳಗೆ ಹಿಂಬಾಗಿಲು ಇಟ್ಟದ್ದು 2024ರ ಮಾರ್ಚ್‌ನಲ್ಲಿ ಬೆಳಕಿಗೆ ಬಂತು.

ಹವ್ಯಾಸಿ ನಕ್ಷೆಗಾರ, ಬೀದರ್

ಕೋಡ್ ಹೊರತಾದ ಇನ್ನೊಂದು ಬಾಗಿಲನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. 2004ರಲ್ಲಿ ಆರಂಭವಾದ, ಎಲ್ಲರೂ ಸೇರಿ ಕಟ್ಟುವ ಮುಕ್ತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನಮ್ಮ ಊರುಗಳ ಗಲ್ಲಿ, ಶಾಲೆ, ಆಸ್ಪತ್ರೆಗಳನ್ನು ಬ್ರೌಸರ್‌ನಿಂದಲೇ ಸೇರಿಸಬಹುದು, ಕನ್ನಡದ ಹೆಸರನ್ನೂ ಉರ್ದು ಹೆಸರನ್ನೂ ಬೇರೆ ಬೇರೆ ಟ್ಯಾಗ್‌ನಲ್ಲಿ ಕೊಡಬಹುದು. ಬೇರೆ ಕಂಪನಿಗಳ ನಕ್ಷೆ ನೋಡಿ ನಕಲು ಮಾಡುವಂತಿಲ್ಲ, ನಾವೇ ಕಂಡದ್ದನ್ನು ಬರೆಯಬೇಕು. ಗುಲಬರ್ಗಾ 2014ರ ನವೆಂಬರ್ 1ರಂದು ಕಲಬುರಗಿಯಾಯಿತು, ಯಾದಗಿರಿ 2009ರ ಕೊನೆಯಲ್ಲಿ ಜಿಲ್ಲೆಯಾಯಿತು, ವಿಜಯನಗರ 2021ರಲ್ಲಿ. ಯಾವುದಾದರೂ ಮುಕ್ತ ತಂತ್ರಾಂಶದ ಜಿಲ್ಲೆಗಳ ಪಟ್ಟಿಯಲ್ಲಿ ಇವು ಇನ್ನೂ ಹಳೆಯ ಸ್ಥಿತಿಯಲ್ಲಿದ್ದರೆ, ಅದನ್ನು ಸರ್ಕಾರಿ ಅಧಿಸೂಚನೆಯ ಆಧಾರದೊಂದಿಗೆ ತಿದ್ದಿ ಕಳುಹಿಸುವುದೂ ಯೋಗ್ಯವಾದ ಮೊದಲ ಪುಲ್ ರಿಕ್ವೆಸ್ಟ್.

ಕಾಲೇಜು ಉಪನ್ಯಾಸಕಿ, ಕಲಬುರಗಿ

ವಿದ್ಯಾರ್ಥಿನಿಯರಿಗೆ ಒಂದು ಕಿವಿಮಾತು ಸೇರಿಸುತ್ತೇನೆ. ಗಿಟ್‌ನ ಪ್ರತಿಯೊಂದು ಕಮಿಟ್‌ನಲ್ಲಿ (ದಾಖಲಿಸಿದ ಬದಲಾವಣೆಯಲ್ಲಿ) ನಿಮ್ಮ ಹೆಸರು ಮತ್ತು ಇಮೇಲ್ ವಿಳಾಸ ಶಾಶ್ವತವಾಗಿ, ಬಹಿರಂಗವಾಗಿ ಉಳಿಯುತ್ತದೆ. ಮೊದಲ ಕಮಿಟ್‌ಗೆ ಮುನ್ನವೇ ಇದಕ್ಕೆಂದು ಪ್ರತ್ಯೇಕ ಇಮೇಲ್ ಮಾಡಿಕೊಳ್ಳಿ, ಇಲ್ಲವೇ ಗಿಟ್‌ಹಬ್ ಕೊಡುವ ಮರೆಮಾಚಿದ ವಿಳಾಸವನ್ನು ಬಳಸಿ. ಸಹಿಯ ಸಾಲು ಕೇಳುವ ಯೋಜನೆಗಳಲ್ಲಿ ಯಾವ ವಿಳಾಸ ನಡೆಯುತ್ತದೆಂದು ಮೊದಲೇ ಓದಿಕೊಳ್ಳಿ. ಕೊಡುಗೆದಾರರ ವರ್ತನೆಯ ನಿಯಮಾವಳಿ ಇರುವ ಯೋಜನೆಯನ್ನೇ ಆರಿಸಿಕೊಳ್ಳಿ, ಯಾರಾದರೂ ಅನುಚಿತವಾಗಿ ಮಾತನಾಡಿದರೆ ಯಾರಿಗೆ ತಿಳಿಸಬೇಕೆಂಬುದು ಅದರಲ್ಲಿರುತ್ತದೆ.

ಬಿ.ಇ. ವಿದ್ಯಾರ್ಥಿನಿ, ಕಲಬುರಗಿ

ಮುಚ್ಚಿದ ಇಶ್ಯೂಗಳಲ್ಲಿ ಹುಡುಕಿದೆ. ಬಂಗಾಳಿ ಬಳಕೆದಾರರೊಬ್ಬರು ಇಂಥದ್ದೇ ತೊಂದರೆಯನ್ನು ತಿಳಿಸಿದ್ದರು, ಹೆಚ್ಚಿನ ವಿವರ ಸಿಗಲಿಲ್ಲವೆಂದು ಅದನ್ನು ಮುಚ್ಚಲಾಗಿದೆ. ಹೊಸದು ತೆರೆಯುವ ಬದಲು ಅದರ ಕೆಳಗೇ ಎರಡು ರೂಪಗಳ ಯೂನಿಕೋಡ್ ಸಂಖ್ಯೆಗಳನ್ನೂ, ದೋಷ ಮರುಕಳಿಸುವ ಹೆಜ್ಜೆಗಳನ್ನೂ ಬರೆದು, ಮತ್ತೆ ತೆರೆಯುವಂತೆ ವಿನಂತಿಸಿದ್ದೇನೆ. ‘ಡೆಪ್ತ್ 1’ ಆಯ್ಕೆಯಿಂದ ಯೋಜನೆ ಹಾಟ್‌ಸ್ಪಾಟ್‌ನಲ್ಲೇ ಇಳಿಯಿತು. ಪರೀಕ್ಷೆಗಳನ್ನು ಓಡಿಸಲು ಬೇಕಾದ ಲೈಬ್ರರಿಯೊಂದರ ಹೆಸರು ಸೂಚನೆಗಳಲ್ಲಿ ಬಿಟ್ಟುಹೋಗಿದೆ. ಅದನ್ನು ಬೇರೆಯೇ ಪುಲ್ ರಿಕ್ವೆಸ್ಟ್ ಆಗಿ ಕಳುಹಿಸಬೇಕೇ, ಅಥವಾ ಹುಡುಕಾಟದ ಬದಲಾವಣೆಯ ಜೊತೆಗೇ ಸೇರಿಸಬಹುದೇ?

ತಂತ್ರಾಂಶ ಅಭಿಯಂತರ, ಬೀದರ್

ಬೇರೆಯಾಗಿಯೇ ಕಳುಹಿಸು, ಮತ್ತು ಅದನ್ನೇ ಮೊದಲು ಕಳುಹಿಸು. ಓದುವವರಿಗೆ ಅದು ಎರಡು ನಿಮಿಷದ ಕೆಲಸ, ಹುಡುಕಾಟದ ಬದಲಾವಣೆಗೆ ಚರ್ಚೆ ಬೇಕಾಗುತ್ತದೆ. ಎರಡನ್ನೂ ಕಟ್ಟಿದರೆ ಸುಲಭವಾದದ್ದೂ ಕಾಯಬೇಕಾಗುತ್ತದೆ. ನಿನ್ನ ಬ್ರ್ಯಾಂಚ್‌ನ ಕೊಂಡಿಯನ್ನು ಇಲ್ಲಿ ಹಾಕು, ಕಳುಹಿಸುವ ಮೊದಲು ಒಮ್ಮೆ ಓದಿ ಹೇಳುತ್ತೇನೆ.